ಡೊರೋತಿಯಾ ಡಿಕ್ಸ್

ಪರೋಪಕಾರವೆಂದರೆ ಕೈಯಲ್ಲಿದ್ದುದನ್ನು ಕೊಡುವುದೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ದಿಕ್ಕಿಲ್ಲದವರ ಪರವಾಗಿ ಸರಕಾರದ ಬಾಗಿಲಿಗೆ ಹೋಗಿ ಅವರ ಪಾಲಿನ ಹಣವನ್ನು ಕೇಳುವುದೂ ಪರೋಪಕಾರವೇ ಎಂಬುದನ್ನು ನಾನು ತಿಳಿದದ್ದು ಅಮೆರಿಕದ ಡೊರೋತಿಯಾ ಡಿಕ್ಸಳ ಜೀವನಚರಿತ್ರೆಯಿಂದ.

ಈಕೆ 1802ರಲ್ಲಿ, ಇಂದು ಮೇಯ್ನ್ ಸಂಸ್ಥಾನಕ್ಕೆ ಸೇರಿದ ಹ್ಯಾಂಪ್ಡೆನ್ ಎಂಬಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಬಾಸ್ಟನ್ನಿನ ಅಜ್ಜಿಯ ಆಶ್ರಯ ಸೇರಿ, ಮುಂದೆ ಶಾಲೆ ನಡೆಸಿ ಬಾಳಿದಳು. ದೇಹಾರೋಗ್ಯ ಅಷ್ಟಕ್ಕಷ್ಟೆ. 1841ರ ಮಾರ್ಚಿಯಲ್ಲಿ ಈಸ್ಟ್ ಕೇಂಬ್ರಿಜ್ ಸೆರೆಮನೆಯ ಹೆಂಗಸರಿಗೆ ಭಾನುವಾರದ ಪಾಠ ಹೇಳಲು ಹೋದಳು. ಅಲ್ಲಿ ಯಾವ ಅಪರಾಧವನ್ನೂ ಮಾಡದ ಬುದ್ಧಿಭ್ರಮಣೆಯವರನ್ನು ಬೆಂಕಿಯಿಲ್ಲದ ಕೊರೆಯುವ ಕೋಣೆಗಳಲ್ಲಿ ಕೂಡಿಹಾಕಿದ್ದುದನ್ನು ಕಂಡಳು.

ಆಕೆ ಚಂದಾ ಎತ್ತಲು ಹೊರಡಲಿಲ್ಲ. ದಾನಿಗಳ ನೆರವಿನಿಂದ ನಡೆಯುವ ಚಿಕಿತ್ಸಾಲಯವೊಂದು ಬಾಸ್ಟನ್ನಿನ ಬಳಿ ಇದ್ದರೂ ಬಡವರೆಲ್ಲರ ಭಾರವನ್ನು ಅದು ಹೊರಲಾರದು. ವೂಸ್ಟರಿನ ಸರಕಾರಿ ಆಸ್ಪತ್ರೆಯಲ್ಲಿ ಸ್ಥಳ ಸಾಲದು. ಆದುದರಿಂದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸೆರೆಮನೆ, ಅನಾಥಾಲಯಗಳನ್ನೆಲ್ಲ ಸುತ್ತಿ, ಊರೂರಿನ ಸ್ಥಿತಿಯನ್ನು ಬರೆದಿಟ್ಟು, 1843ರ ಜನವರಿಯಲ್ಲಿ ಶಾಸನಸಭೆಗೆ ಬಿನ್ನವತ್ತಳೆ ಸಿದ್ಧಪಡಿಸಿದಳು. ಹೆಂಗಸರಿಗೆ ಆಗ ಮತವೂ ಇಲ್ಲ, ಸಭೆಯಲ್ಲಿ ಸ್ಥಾನವೂ ಇಲ್ಲ. ಸದಸ್ಯನಾಗಿದ್ದ ಸ್ಯಾಮ್ಯುಯಲ್ ಗ್ರಿಡ್ಲಿ ಹೋ ಅದನ್ನು ಮಂಡಿಸಿದ. ಸರಕಾರದ ಧನಸಹಾಯ ಪಡೆಯುತ್ತಿದ್ದ ಕುರುಡರ ಶಾಲೆಯ ಮುಖ್ಯಸ್ಥನಾದ ಆತನಿಗೆ ಕೇಳುವ ಕಷ್ಟ ಗೊತ್ತಿತ್ತು. ಊರಿನ ಅಧಿಕಾರಿಗಳು ಕೆಲವರು ಇದೆಲ್ಲ ಸುಳ್ಳೆಂದು ಕೂಗಾಡಿದರು. ಆದರೂ ವೂಸ್ಟರ್ ಆಸ್ಪತ್ರೆಯ ವಿಸ್ತರಣೆಗೆ ಹಣ ಮಂಜೂರಾಯಿತು.

ಅಲ್ಲಿಂದ ಆಕೆ ಸಂಸ್ಥಾನದಿಂದ ಸಂಸ್ಥಾನಕ್ಕೆ ನಡೆದಳು. ನ್ಯೂ ಜರ್ಸಿಯ ಟ್ರೆಂಟನ್ನಿನಲ್ಲಿ 1848ರಲ್ಲಿ ಆಸ್ಪತ್ರೆ ತೆರೆಯಿತು. ಅದೇ ವರ್ಷ ಉತ್ತರ ಕೆರೊಲಿನದಲ್ಲಿ ಆಕೆಯ ಮಸೂದೆ ಮೊದಲು ಸೋತಿತು. ಸದಸ್ಯ ಜೇಮ್ಸ್ ಡಾಬಿನ್ನನ ಹೆಂಡತಿ ಆಕೆಯಿದ್ದ ಹೋಟೆಲಿನಲ್ಲೇ ಕಾಯಿಲೆ ಬಿದ್ದಿದ್ದಳು. ಡಿಕ್ಸ್ ಅವಳ ಶುಶ್ರೂಷೆ ಮಾಡಿದಳು. ಸಾಯುವ ಮುನ್ನ ಅವಳು ಗಂಡನನ್ನು ಕೇಳಿಕೊಂಡದ್ದು ಆ ಮಸೂದೆಯನ್ನು ಬೆಂಬಲಿಸಬೇಕೆಂದು. ದುಃಖದಲ್ಲೇ ಸಭೆಗೆ ಬಂದು ಡಾಬಿನ್ ಮಾತನಾಡಿದ, ಮಸೂದೆ ಗೆದ್ದಿತು.

ಒಂದೊಂದು ಸಭೆಯನ್ನೂ ಬೇಡುವ ಬದಲು ಶಾಶ್ವತ ನಿಧಿಯೊಂದು ಬೇಕೆಂದು ಆಕೆ ಕೇಂದ್ರ ಸರಕಾರದ 1,22,25,000 ಎಕರೆ ಭೂಮಿಯನ್ನು ಕೇಳಿದಳು. ಹಲವು ವರ್ಷ ಕಾದ ಮೇಲೆ ಎರಡು ಸಭೆಗಳೂ ಒಪ್ಪಿದವು. ಆದರೆ 1854ರಲ್ಲಿ ಅಧ್ಯಕ್ಷ ಫ್ರ್ಯಾಂಕ್ಲಿನ್ ಪಿಯರ್ಸ್, ಬಡವರ ಪೋಷಣೆ ಆಯಾ ಸಂಸ್ಥಾನದ ಹೊಣೆಯೆಂದು ಹೇಳಿ ಮಸೂದೆಯನ್ನು ತಿರಸ್ಕರಿಸಿದ. ಆರು ವರ್ಷದ ಶ್ರಮ ನೀರುಪಾಲಾಯಿತು.

ಅಂತರ್ಯುದ್ಧದಲ್ಲಿ ಸೈನ್ಯದ ದಾದಿಯರ ಮೇಲ್ವಿಚಾರಣೆ ನಡೆಸಿದ ಆಕೆ, ಮುಪ್ಪಿನಲ್ಲಿ ಟ್ರೆಂಟನ್ ಆಸ್ಪತ್ರೆಯವರು ಕೊಟ್ಟ ಕೋಣೆಗಳಲ್ಲಿ ನೆಲಸಿ, 1887ರಲ್ಲಿ ಅಲ್ಲಿಯೇ ತೀರಿಕೊಂಡಳು.

ಸರಕಾರದ ವೆಚ್ಚದಿಂದ ನಡೆಯುವ ಕಾಲೇಜಿನಲ್ಲಿ ಓದುವ ನಾವು ಈ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು. ಸೇವಾಸಂಸ್ಥೆಯ ಆಡಳಿತ ಮಂಡಲಿಯಲ್ಲಿ ನಾಳೆ ನಮ್ಮಲ್ಲಿ ಯಾರಾದರೂ ಕುಳಿತರೆ, ಲೆಕ್ಕಪತ್ರ ನೋಡಿ ಏಳುವುದಷ್ಟೇ ಸಾಲದು. ಕಣ್ಣಾರೆ ಕಂಡು, ಬರೆದು, ಸಭೆಯ ಮುಂದಿಟ್ಟು, ಇಲ್ಲವೆಂದರೆ ಮತ್ತೆ ಕೇಳುವ ಕೆಲಸವೂ ಅವರ ಪಾಲಿನದೇ.