ಶ್ರೀನಿವಾಸ ಮಲ್ಯರೂ ಮಂಗಳೂರ ಬಂದರವೂ

ಮಂಗಳೂರಿನ ಹಳೆಯ ಬಂದರವು ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿರುವುದು. ಅಳಿವೆಬಾಗಿಲಿನ ಮರಳದಿಣ್ಣೆಯ ದೆಸೆಯಿಂದ ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕೆಲ್ಲವೂ ದೋಣಿಗಳಲ್ಲಿ ದಡ ಸೇರಬೇಕಾಗಿದ್ದಿತು. ಮಳೆಗಾಲ ಬಂದಿತೆಂದರೆ ಅದೂ ನಿಂತು, ವರ್ತಕನ ಸರಕು ಉಗ್ರಾಣದಲ್ಲಿ ಕೊಳೆಯುತ್ತಿದ್ದಿತು. ಕೂಲಿಯವನ ಒಲೆ ಆರುತ್ತಿದ್ದಿತು.

1902ರಲ್ಲಿ ಜನಿಸಿ, ಸ್ವಾತಂತ್ರ್ಯ ಸಮರದಲ್ಲಿ ಪಾಲ್ಗೊಂಡು, ಸಂವಿಧಾನ ಸಭೆಯಲ್ಲಿಯೂ ಲೋಕಸಭೆಯಲ್ಲಿಯೂ ಕುಳಿತ ಉಳ್ಳಾಲ ಶ್ರೀನಿವಾಸ ಮಲ್ಯರು ಈ ವರ್ಷಾವರ್ತಿ ಸ್ತಂಭನವನ್ನು ವಿಧಿಲಿಖಿತವೆಂದು ಒಪ್ಪಲಿಲ್ಲ. ಪಣಂಬೂರಿನಲ್ಲಿ ಸರ್ವಋತು ಬಂದರವಾಗಬೇಕೆಂದು ದಿಲ್ಲಿಯಲ್ಲಿ ಪಟ್ಟುಹಿಡಿದು ಶ್ರಮಿಸಿದರು. ನೆಲವನ್ನಗೆದು ಕಡಲನ್ನು ಒಳತಂದು, ಅಲೆತಡೆಗೋಡೆಗಳ ರಕ್ಷಣೆಯಿತ್ತು ರಚಿಸಿದ ಆ ಬಂದರವು 1974ರಲ್ಲಿ ಮಹಾಬಂದರವೆಂದು ಘೋಷಿತವಾಯಿತು. 1965ರಲ್ಲಿಯೇ ಕಾಲವಾದ ಮಲ್ಯರಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ.

ಬಿರುಗಾಳಿ ಬೀಸುವಾಗ ಗೋಡೆ ಕಟ್ಟಲಾಗದು. ಆಪತ್ತಿನ ಸಿದ್ಧತೆಯು ತಿಳಿಗಾಲದ ಕೆಲಸವೆಂಬುದನ್ನು ನಮ್ಮ ಬಂದರಗಳನ್ನಾಳುವವರು ಮಲ್ಯರ ಬಾಳಿನಿಂದ ಅರಿಯಲಿ.