ಕಿತ್ತಳೆ ನಕ್ಷತ್ರಗಳ ಗುಟ್ಟು ಓದಿದ ವೈನು ಬಪ್ಪು

ಜನವರಿಯಲ್ಲಿ ಮಗ್ರಿಬ್ ನಮಾಜ್ ಮುಗಿಸಿ ಜಾಲಹಳ್ಳಿಯ ನಮ್ಮ ಮನೆಯ ಮಹಡಿ ಹತ್ತಿದರೆ, ಬೀದಿದೀಪಗಳ ಬೆಳಕಿನಲ್ಲೂ ಪೂರ್ವಕ್ಕೆ ಎತ್ತರದಲ್ಲಿ ಕಿತ್ತಳೆ ಬಣ್ಣದ ನಕ್ಷತ್ರವೊಂದು ಕಾಣುತ್ತದೆ. ಅದು ರೋಹಿಣಿ. ಅರಬ್ಬರು ಅದನ್ನು ಅಲ್-ದಬರಾನ್ ಎಂದರು. ಹಿಂಬಾಲಿಸುವವನು ಎಂದು ಅರ್ಥ. ಸುರಯ್ಯಾ, ಅಂದರೆ ಕೃತ್ತಿಕೆ, ಹುಟ್ಟಿದ ಮೇಲೆ ಅದರ ಹಿಂದೆಯೇ ಇದು ಹುಟ್ಟುತ್ತದೆ.

ರೋಹಿಣಿಯ ಮೇಲ್ಮೈ ಉಷ್ಣತೆ ಸುಮಾರು 3,900 ಕೆಲ್ವಿನ್. ಸೂರ್ಯನದು 5,800ರ ಹತ್ತಿರ. ಸೂರ್ಯನಿಗಿಂತ ತಂಪಾಗಿರುವುದರಿಂದಲೇ ಅದಕ್ಕೆ ಕಿತ್ತಳೆ ಬಣ್ಣ. ಆದರೆ ಅಡ್ಡಳತೆ ಸೂರ್ಯನ ಸುಮಾರು 44 ಪಟ್ಟು! ಒಡಲಿನ ನಡುವಿನ ಹೈಡ್ರೋಜನ್ ಮುಗಿದು, ಹೊರಪದರ ಉಬ್ಬಿ, ಅದು ದೈತ್ಯವಾಗಿದೆ. ಕಿತ್ತಳೆ ಬಣ್ಣದ ಕುಬ್ಜ ನಕ್ಷತ್ರಗಳೂ ಇವೆ. ಹತ್ತಿರದ ಕುಬ್ಜ, ದೂರದ ದೈತ್ಯ ಎರಡೂ ನಮ್ಮ ಕಣ್ಣಿಗೆ ಒಂದೇ ತರಹ ಕಾಣಬಹುದು. ಅವನ್ನು ಗುರುತಿಸುವ ಒಂದು ದಾರಿ ತೋರಿದವರಲ್ಲಿ ಎಂ. ಕೆ. ವೈನು ಬಪ್ಪು ಒಬ್ಬರು.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. ನವಾಬ್ ಜಫರ್ ಜಂಗ್ ಸ್ಥಾಪಿಸಿದ ನಿಜಾಮಿಯಾ ವೀಕ್ಷಣಾಲಯದಲ್ಲಿ ಅವರ ತಂದೆ ಕೆಲಸ ಮಾಡುತ್ತಿದ್ದರು. ನಿಜಾಂ ಕಾಲೇಜಿನಲ್ಲಿ ಓದಿ ಬಪ್ಪು ಅಮೆರಿಕದ ಹಾರ್ವರ್ಡ್‌ಗೆ ಹೋದರು. 1949ರಲ್ಲಿ ಆಕಾಶದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. 1952ರಲ್ಲಿ ಡಾಕ್ಟರೇಟ್ ಪಡೆದರು.

ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಅವರ ಜೊತೆ ಕೆಲಸ ಮಾಡಿದರು. ಕಿತ್ತಳೆ, ಕೆಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಒಂದು ಅಗಲವಾದ ಕಪ್ಪು ಗೆರೆ ಇರುತ್ತದೆ. ಅದರ ನಡುವೆ ಸಣ್ಣದೊಂದು ಬೆಳಕಿನ ಗೆರೆ. ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿದಂತೆ ಈ ಬೆಳಕಿನ ಗೆರೆಯೂ ಅಗಲವಾಗುತ್ತದೆ ಎಂದು ಇಬ್ಬರೂ 1957ರಲ್ಲಿ ಪ್ರಕಟಿಸಿದರು. ಇದೇ ವಿಲ್ಸನ್–ಬಪ್ಪು ಪರಿಣಾಮ. ಗೆರೆ ಅಳೆದರೆ ನಿಜವಾದ ಪ್ರಕಾಶ ಸಿಗುತ್ತದೆ. ಅದನ್ನು ನಮಗೆ ಕಾಣುವ ಹೊಳಪಿನೊಂದಿಗೆ ಹೋಲಿಸಿದರೆ ದೂರ ಸಿಗುತ್ತದೆ. ರೋಹಿತದ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಿದ್ದ ನಾನು ಇದನ್ನು ತಿಳಿದ ಮೇಲೆ ಮತ್ತೊಮ್ಮೆ ತೆರೆದು ಓದಿದೆ.

ಬಪ್ಪು ಅಮೆರಿಕದಲ್ಲೇ ನೆಲೆಸಲಿಲ್ಲ, ದೇಶಕ್ಕೆ ಮರಳಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. 1971ರಲ್ಲಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇಂದು ನಮ್ಮ ಕೋರಮಂಗಲದಲ್ಲಿದೆ.

2.3 ಮೀಟರ್ ದೂರದರ್ಶಕವನ್ನು ಭಾರತದಲ್ಲೇ ತಯಾರಿಸಬೇಕು ಎಂಬುದು ಅವರ ಹಠ. ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಪಕ್ಕದಲ್ಲಿ ಬೆಳೆದ ನಮಗೆ ಈ ಹಠ ಅರ್ಥವಾಗುತ್ತದೆ. ಆದರೆ ಅದು ಪೂರ್ತಿಯಾಗುವುದನ್ನು ಅವರು ನೋಡಲಿಲ್ಲ. 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 55. ಅವರ ಸಹೋದ್ಯೋಗಿಗಳು ಕೆಲಸ ನಿಲ್ಲಿಸಲಿಲ್ಲ. 1986ರಲ್ಲಿ ಆ ದೂರದರ್ಶಕಕ್ಕೆ ಬಪ್ಪು ಅವರ ಹೆಸರನ್ನೇ ಇಟ್ಟರು.

ಸ್ನೇಹಿತರೇ, ಇಂದು ಸಂಜೆ ಮಹಡಿ ಹತ್ತಿ. ಒಂದೇ ಸಾಲಿನಲ್ಲಿರುವ ಮೂರು ನಕ್ಷತ್ರಗಳನ್ನು ಹುಡುಕಿ, ಆ ಗೆರೆಯನ್ನು ಮೇಲಕ್ಕೆ ಎಳೆಯಿರಿ, ರೋಹಿಣಿ ಸಿಗುತ್ತದೆ. ಅದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ನೀವು ನೋಡುವ ಬೆಳಕು ಅಲ್ಲಿಂದ ಹೊರಟ ಕಾಲಕ್ಕೆ ಬಪ್ಪು ಕೊಡೈಕೆನಾಲಿನಲ್ಲಿ ಕೆಲಸ ಶುರು ಮಾಡಿದ್ದರು.