ಹೊಳೆಯ ಕೆಳಗೆ ದಾರಿ ತೆಗೆದವನು

ಸೇತುವೆ ಕಟ್ಟಿ ಹೊಳೆಯನ್ನು ದಾಟುವುದು ಮನುಷ್ಯನಿಗೆ ಹಳೆಯ ವಿದ್ಯೆ. ಆದರೆ ಹರಿಯುವ ನದಿಯ ಅಡಿಯಲ್ಲಿ ಮೆತ್ತನೆಯ ಮಣ್ಣನ್ನು ಕೊರೆದು ಆಚೆಯ ದಡದಲ್ಲಿ ಮೇಲೇಳುವ ವಿದ್ಯೆ ಕೈಗೂಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದನ್ನು ಸಾಧಿಸಿದವನು ಮಾರ್ಕ್ ಇಸಂಬಾರ್ಡ್ ಬ್ರೂನೆಲ್. ರೈಲುದಾರಿಗಳನ್ನೂ ಮಹಾನೌಕೆಗಳನ್ನೂ ನಿರ್ಮಿಸಿದ ಮಗನ ಕೀರ್ತಿಯ ಬೆಳಕಿನಲ್ಲಿ ಈ ತಂದೆಯ ಹೆಸರು ಮಸುಕಾಗಿರುವುದು ನ್ಯಾಯವಲ್ಲ.

ಬ್ರೂನೆಲನು ಹುಟ್ಟಿದ್ದು 1769ರಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಒಂದು ರೈತ ಕುಟುಂಬದಲ್ಲಿ. ಮಗನು ಪಾದ್ರಿಯಾಗಲೆಂಬುದು ತಂದೆಯ ಬಯಕೆ. ಹುಡುಗನ ಒಲವೋ ಗಣಿತ ಮತ್ತು ಚಿತ್ರಲೇಖನದ ಕಡೆಗೆ. ನೌಕಾಪಡೆಯಲ್ಲಿ ಕೆಲವು ವರ್ಷ ದುಡಿದನು. ರಾಜಪಕ್ಷದವನಾದುದರಿಂದ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅಮೆರಿಕಕ್ಕೆ ಪಲಾಯನ ಮಾಡಬೇಕಾಯಿತು. ಆತನು ಮೆಚ್ಚಿದ್ದ ಇಂಗ್ಲಿಷ್ ತರುಣಿ ಸೋಫಿಯಾ ಕಿಂಗ್‌ಡಮ್ ಫ್ರಾನ್ಸಿನಲ್ಲಿಯೇ ಉಳಿದು ಸೆರೆವಾಸವನ್ನು ಅನುಭವಿಸಿದಳು. ಆರು ವರ್ಷಗಳ ಅಗಲಿಕೆಯ ಬಳಿಕ 1799ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರ ವಿವಾಹವಾಯಿತು.

ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಹಡಗಿನ ರಾಟೆಗಳನ್ನು ತಯಾರಿಸಲು ಆತನು ರೂಪಿಸಿದ ಯಂತ್ರಗಳಿಂದ, ನೂರಹತ್ತು ಮಂದಿಯ ಕೆಲಸವನ್ನು ಹತ್ತು ಮಂದಿ ಮಾಡುವಂತಾಯಿತು. ಬುದ್ಧಿ ಇದ್ದಷ್ಟು ವ್ಯವಹಾರಜ್ಞಾನ ಮಾತ್ರ ಆತನಿಗಿರಲಿಲ್ಲ. ಸೈನಿಕರಿಗಾಗಿ ಬೂಟುಗಳನ್ನು ಮಾಡಿಸಿದನು. 1815ರಲ್ಲಿ ಯುದ್ಧವೇ ಮುಗಿದುಹೋಯಿತು! ಸಾಲ ಬೆಳೆದು 1821ರಲ್ಲಿ ಸಾಲಗಾರರ ಸೆರೆಮನೆ ಸೇರಿದನು. ಸೋಫಿಯಾ ಅಲ್ಲಿಗೂ ಜೊತೆಯಲ್ಲಿ ಹೋದಳು. ರಷ್ಯದ ಚಕ್ರವರ್ತಿಯು ಈತನನ್ನು ಕರೆಸಿಕೊಂಡಾನೆಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರವು 5,000 ಪೌಂಡು ಕೊಟ್ಟು ಬಿಡಿಸಿತು.

ಹಡಗಿನ ಮರವನ್ನು ಕೊರೆಯುವ ಹುಳುವೊಂದುಂಟು. ಅದರ ತಲೆಗೆ ಚಿಪ್ಪಿನ ರಕ್ಷೆ. ಕೊರೆದಂತೆಲ್ಲ ಹಿಂದಿನ ರಂಧ್ರದ ಗೋಡೆಗೆ ಗಟ್ಟಿಯಾದ ಲೇಪ. ಬ್ರೂನೆಲನಿಗೆ ಇದೇ ಗುರುವಾಯಿತು. 1818ರಲ್ಲಿ ಆತನು ಸುರಂಗಕವಚಕ್ಕೆ ಹಕ್ಕುಪತ್ರ ಪಡೆದನು. ಥೇಮ್ಸ್ ನದಿಯಡಿಯಲ್ಲಿ ಬಳಸಿದ ಕವಚದಲ್ಲಿ ಮೂವತ್ತಾರು ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಎದುರಿನ ಹಲಗೆಗಳಲ್ಲಿ ಒಂದನ್ನಷ್ಟೇ ತೆಗೆದು, ಕೆಲವು ಅಂಗುಲ ಮಣ್ಣನ್ನು ಅಗೆದು, ಹಲಗೆಯನ್ನು ಮುಂದಕ್ಕೆ ಒತ್ತಿ ನಿಲ್ಲಿಸುವನು. ಎಲ್ಲ ಹಲಗೆಗಳೂ ಸರಿದ ಮೇಲೆ ತಿರುಪುಗಳು ಚೌಕಟ್ಟನ್ನು ಮುಂದಕ್ಕೆ ನೂಕುವುವು. ಹಿಂದೆ ಗಾರೆಯವರು ಇಟ್ಟಿಗೆಯ ಕಮಾನು ಕಟ್ಟುವರು.

ರಾದರ್‌ಹೈತ್ ದಡದಲ್ಲಿ 1825ರಲ್ಲಿ ಕೆಲಸ ಮೊದಲಾಯಿತು. ನದಿಯಿಂದ ಜಿನುಗುತ್ತಿದ್ದುದು ಲಂಡನ್ನಿನ ಚರಂಡಿಯ ಕೊಳೆನೀರು. ವಿಷವಾಯುವಿನಿಂದ ಕೆಲಸಗಾರರು ಮೂರ್ಛೆ ಹೋದರು, ಕಣ್ಣಿನ ಬೇನೆಯಿಂದ ನರಳಿದರು. 1827ರ ಮೇ ತಿಂಗಳಲ್ಲಿ ನದಿ ಒಳನುಗ್ಗಿತು. ಜೇಡಿಮಣ್ಣಿನ ಚೀಲಗಳಿಂದ ನದೀತಳದ ಬಿರುಕನ್ನು ಮುಚ್ಚಿ ಮತ್ತೆ ತೊಡಗಿದರು. 1828ರ ಜನವರಿಯಲ್ಲಿ ಎರಡನೆಯ ಪ್ರವಾಹ ಆರು ಮಂದಿಯನ್ನು ಬಲಿತೆಗೆದುಕೊಂಡಿತು. ಬ್ರೂನೆಲನ ಮಗನು ಗಾಯಗೊಂಡು ಕೂದಲೆಳೆಯಲ್ಲಿ ಬದುಕಿಕೊಂಡನು. ಸುರಂಗದ ಕೀರ್ತಿಯನ್ನು ಹೊಗಳುವಾಗ ಆ ಆರು ಮಂದಿಯನ್ನು ಮರೆಯಲಾಗದು. ಹಣವೂ ಮುಗಿದು, ಸುರಂಗದ ಬಾಯಿಗೆ ಗೋಡೆ ಎದ್ದಿತು. ಏಳು ವರ್ಷ ಅದು ಹಾಗೆಯೇ ಇದ್ದಿತು.

ಸರ್ಕಾರದ ಸಾಲ ದೊರೆತು 1835ರಲ್ಲಿ ಕೆಲಸ ಪುನಃ ಆರಂಭವಾದಾಗ ಬ್ರೂನೆಲನಿಗೆ ಅರುವತ್ತು ದಾಟಿತ್ತು. 1,300 ಅಡಿ ಉದ್ದದ ಆ ಸುರಂಗವು 1843ರ ಮಾರ್ಚ್ 25ರಂದು ತೆರೆಯಿತು. ಒಂದು ಪೆನ್ನಿ ಸುಂಕ ತೆತ್ತು ಜನ ತಂಡೋಪತಂಡವಾಗಿ ನಡೆದರು. ಆದರೆ ಬ್ರೂನೆಲನು ಅದನ್ನು ಕಟ್ಟಿದ್ದು ಸರಕಿನ ಗಾಡಿಗಳಿಗಾಗಿ. ಗಾಡಿಗಳು ಇಳಿಯಬೇಕಾದ ಇಳಿಜಾರು ದಾರಿಗೆ ಹಣವಿರಲಿಲ್ಲ. ಸುರಂಗದಲ್ಲಿ ಆಟಿಕೆ, ತಿನಿಸು, ನೆನಪಿನ ವಸ್ತುಗಳ ಅಂಗಡಿಗಳು ಎದ್ದವು. ಒಂದು ಗಾಡಿಯೂ ಅದರೊಳಗೆ ಹೋಗುವುದನ್ನು ನೋಡದೆ ಬ್ರೂನೆಲನು 1849ರ ಡಿಸೆಂಬರಿನಲ್ಲಿ ಕಣ್ಮುಚ್ಚಿದನು.

1865ರಲ್ಲಿ ರೈಲ್ವೆ ಕಂಪನಿಯೊಂದು ಸುರಂಗವನ್ನು ಕೊಂಡುಕೊಂಡಿತು. ಕುದುರೆಗಾಡಿಗೆಂದು ಎತ್ತರವಾಗಿ ಕಟ್ಟಿದ್ದ ಜೋಡಿ ಕಮಾನುಗಳಲ್ಲಿ ರೈಲು ಸಲೀಸಾಗಿ ಹಿಡಿಸಿತು. 1869ರಿಂದ ಓಡಾಟ ತೊಡಗಿತು. 2024ರಲ್ಲಿ ಕಲ್ಕತ್ತೆಯ ಹೂಗ್ಲಿ ನದಿಯಡಿಯಲ್ಲಿ ಮೆಟ್ರೊ ರೈಲು ಸಂಚರಿಸತೊಡಗಿತಷ್ಟೆ. ಆ ಸುರಂಗವನ್ನು ಕೊರೆದ ಯಂತ್ರಗಳ ವಂಶಮೂಲವೂ ಈ ಕವಚವೇ. ಥೇಮ್ಸಿನ ಕೆಳಗಿನ ಇಟ್ಟಿಗೆಗೆ 1990ರ ದಶಕದಲ್ಲಿ ಕಾಂಕ್ರೀಟಿನ ಹೊದಿಕೆ ಹಾಕುವಾಗ, ಒಂದು ತುದಿಯ ಕೆಲವು ಕಮಾನುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟರು.